ಆಫ್‌ರೋಡ್ ಗಾಡಿಯ ಮೈಲೇಜ್ ಬಿದ್ದಿದೆಯೇ? ಎಂಜಿನ್ನಿಗೆ ಕೈ ಹಾಕುವ ಮೊದಲು ಇವನ್ನು ನೋಡಿ

ಮೈಲೇಜ್ ಕಡಿಮೆಯಾಯಿತು ಎಂದ ಕೂಡಲೇ ಹೆಚ್ಚಿನವರು ಬಾನೆಟ್ ಎತ್ತುತ್ತಾರೆ. ಇಂಜೆಕ್ಟರ್ ಕ್ಲೀನಿಂಗ್, ಏರ್ ಫಿಲ್ಟರ್, ಸೆನ್ಸರ್ ಎಂದು ಒಂದರ ಹಿಂದೆ ಒಂದು ಭಾಗ ಬದಲಾಗುತ್ತ ಹೋಗುತ್ತದೆ, ಮೈಲೇಜ್ ಮಾತ್ರ ಇದ್ದಲ್ಲೇ ಇರುತ್ತದೆ. ಕೆಸರು, ಮರಳು, ಕಲ್ಲುದಾರಿಯಲ್ಲಿ ಓಡಾಡುವ ಫೋರ್‌ವೀಲ್ ಡ್ರೈವ್ ಗಾಡಿಗಳಲ್ಲಿ ನಾನು ಕಂಡಂತೆ ತೊಂದರೆ ಬಹುತೇಕ ಎಂಜಿನ್ನಿನಿಂದ ಆಚೆಗೇ ಇರುತ್ತದೆ: ಚಕ್ರದಲ್ಲಿ, ಬ್ರೇಕಿನಲ್ಲಿ, ಚಕ್ರದ ನಡುವಿನ ಹಬ್ಬಿನಲ್ಲಿ, ಚಾವಣಿಯ ಮೇಲೆ. ಎಂಜಿನ್ ಪಾಪ, ಯಾವುದೋ ಹಿಡಿತದ ವಿರುದ್ಧ ಎಳೆಯುತ್ತಿರುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆಯ ಕ್ರಮ ತಲೆಕೆಳಗಾಗಿದೆ. ಮೊದಲು ಲೆಕ್ಕ, ಆಮೇಲೆ ಗಾಡಿ ಉರುಳುವ ರೀತಿ, ಎಂಜಿನ್ ಕೊನೆಗೆ.

ಇದಕ್ಕೆಲ್ಲ ಮೊದಲು ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬರುತ್ತಿದ್ದರೆ, ಟ್ಯಾಂಕಿನ ಗಾರ್ಡ್ ಮೇಲೆ ಒದ್ದೆ ಕಲೆ ಇದ್ದರೆ, ಕಲ್ಲು ತಗುಲಿ ಪೈಪ್ ನಜ್ಜಾಗಿದ್ದರೆ ಬೇರೆ ಪರೀಕ್ಷೆ ಏನೂ ಬೇಡ. ಸೋರಿಕೆ ನಿಲ್ಲುವವರೆಗೆ ಗಾಡಿ ಚಾಲೂ ಮಾಡಬೇಡಿ.

ಮೈಲೇಜ್ ನಿಜವಾಗಿಯೂ ಬಿದ್ದಿದೆಯೇ?

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಸಾಧ್ಯವಾದರೆ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ. ನಾಜಲ್ ತಾನಾಗಿ ಮೊದಲ ಸಲ ನಿಂತಲ್ಲಿಗೆ ಎರಡೂ ಸಲ ನಿಲ್ಲಿಸಿ. ಒಂದು ಟ್ಯಾಂಕಿನ ಲೆಕ್ಕದಲ್ಲಿ ಏರಿಳಿತ ಇದ್ದೇ ಇರುತ್ತದೆ, ಕೆಲವು ಟ್ಯಾಂಕುಗಳ ಸರಾಸರಿ ಬೇಕು.

ಟೈರ್ ಬದಲಾಯಿಸಿದ್ದರೆ ಲೆಕ್ಕವೇ ತಪ್ಪಿರುತ್ತದೆ, ಇದನ್ನು ಗಮನಿಸುವವರು ಕಡಿಮೆ. ಕಂಪನಿ ಕೊಟ್ಟ 265/70 ಆರ್16 ಟೈರಿನ ವ್ಯಾಸ ಸುಮಾರು 777 ಮಿ.ಮೀ. ಅದರ ಜಾಗಕ್ಕೆ 285/75 ಆರ್16 ಹಾಕಿದರೆ ವ್ಯಾಸ 834 ಮಿ.ಮೀ. ಆಗುತ್ತದೆ, ಅಂದರೆ ಶೇ. 7ರಷ್ಟು ಜಾಸ್ತಿ. ಚಕ್ರ ಒಂದು ಸುತ್ತು ಸುತ್ತಿದಾಗ ಗಾಡಿ ಹೆಚ್ಚು ದೂರ ಹೋಗುತ್ತದೆ, ಓಡೋಮೀಟರಿಗೆ ಅದು ಗೊತ್ತಿಲ್ಲ. ಅದು 400 ಕಿ.ಮೀ. ತೋರಿಸಿದಾಗ ಗಾಡಿ ಓಡಿರುವುದು 429 ಕಿ.ಮೀ. 45 ಲೀಟರ್ ಹಿಡಿಸಿದರೆ ನಿಮ್ಮ ಲೆಕ್ಕದಲ್ಲಿ ಮೈಲೇಜ್ 8.9, ನಿಜದಲ್ಲಿ 9.5. ಲೀಟರಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಕಾಗದದ ಮೇಲೆಯೇ ಕಳೆದುಹೋಗಿದೆ.

ಇದೇ ತಪ್ಪಿಗೆ ಇನ್ನೊಂದು ಮುಖವಿದೆ, ಅದು ನಿಜವಾಗಿಯೇ ಇಂಧನ ಕುಡಿಯುತ್ತದೆ. ದೊಡ್ಡ ಟೈರ್ ಹಾಕಿದ ಮೇಲೂ ನೀವು ಮುಳ್ಳು ನೋಡಿಕೊಂಡು ಹಿಂದಿನ ಹಾಗೆ 80ರಲ್ಲೇ ಓಡಿಸುತ್ತೀರಿ, ಆದರೆ ಗಾಡಿಯ ವೇಗ ಮೊದಲಿಗಿಂತ ಶೇ. 7ರಷ್ಟು ಹೆಚ್ಚಿರುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಅಷ್ಟಕ್ಕೇ ತಡೆ ಶೇ. 15ರಷ್ಟು ಹೆಚ್ಚುತ್ತದೆ. ಫೋನಿನ ಜಿಪಿಎಸ್ ಇಟ್ಟುಕೊಂಡು ನೇರ ರಸ್ತೆಯಲ್ಲಿ 20–30 ಕಿ.ಮೀ. ಓಡಿಸಿ, ಓಡೋಮೀಟರಿನ ಜೊತೆ ಹೋಲಿಸಿ. ಬರುವ ಗುಣಕವನ್ನು ಬರೆದಿಟ್ಟುಕೊಳ್ಳಿ.

ಕಾಡುದಾರಿಯ ಓಟವನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಲೋ ರೇಂಜಿನಲ್ಲಿ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರಿನಲ್ಲಿ) ಬಂಡೆ ಹತ್ತುವಾಗ, ಸ್ನೇಹಿತರ ಗಾಡಿಗೆ ವಿಂಚ್ ಹಾಕಿ ಎಳೆಯುವಾಗ ಎಂಜಿನ್ ಗಂಟೆಗಟ್ಟಲೆ ಓಡುತ್ತದೆ, ಗಾಡಿ ಮುಂದೆ ಹೋಗುವುದು ತೀರ ಸ್ವಲ್ಪ. ನಿಂತಲ್ಲೇ ಚಾಲೂ ಇಟ್ಟರೂ ಎಂಜಿನ್ನಿನ ಗಾತ್ರ ಮತ್ತು ಎಸಿ ನೋಡಿಕೊಂಡು ಗಂಟೆಗೆ ಸುಮಾರು 1ರಿಂದ 2 ಲೀಟರ್ ಹೋಗುತ್ತದೆ. ಆ ದಾರಿಗೆ ಗಂಟೆಗೆ ಎಷ್ಟು ಲೀಟರ್ ಎಂಬ ಲೆಕ್ಕ ಸರಿ. ದೋಷ ಹುಡುಕಲು ಟಾರು ರಸ್ತೆಯ ಅಂಕಿ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇಂಧನವೂ ಬದಲಾಗಿರಬಹುದು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ, ಶೇ. 10ರ ಮಿಶ್ರಣದಲ್ಲಿ ಮೈಲೇಜ್ ಶೇ. 3ರಷ್ಟು ಇಳಿಯುವುದು ಸಹಜ. ಮಿಶ್ರಣ ಹೆಚ್ಚಿದಷ್ಟೂ ಇಳಿತ ಹೆಚ್ಚು. ಅದು ಗಾಡಿಯ ದೋಷವಲ್ಲ.

ಉರುಳಿಸಿ ನೋಡುವ ಪರೀಕ್ಷೆ

ಲೆಕ್ಕ ತಿದ್ದಿದ ಮೇಲೂ ಮೈಲೇಜ್ ಕಡಿಮೆಯೇ ಬರುತ್ತಿದ್ದರೆ, ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಬೇರೆ ವಾಹನವಿಲ್ಲದ, ಸಮತಟ್ಟಾದ ನೇರ ರಸ್ತೆ ಬೇಕು. ಕಾಲು ಗಂಟೆಯಾದರೂ ಓಡಿಸಿ ಟೈರ್, ಗೇರ್ ಆಯಿಲ್ ಬಿಸಿಯಾದ ಮೇಲೆ ಗಂಟೆಗೆ 60 ಕಿ.ಮೀ. ವೇಗಕ್ಕೆ ತಂದು ನ್ಯೂಟ್ರಲ್ ಮಾಡಿ, 30ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಪಕ್ಕದಲ್ಲಿ ಕೂತವರು ನೋಡಲಿ. ಎದುರು ದಿಕ್ಕಿನಲ್ಲೂ ಮಾಡಿ, ಸರಾಸರಿ ತೆಗೆಯಿರಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಬ್ರೇಕ್ ಬೂಸ್ಟರೂ ಪವರ್ ಸ್ಟಿಯರಿಂಗೂ ಅದನ್ನೇ ನಂಬಿಕೊಂಡಿವೆ.

ಗಾಡಿ ಚೆನ್ನಾಗಿದ್ದಾಗಲೇ ಒಮ್ಮೆ ಅಳೆದಿಟ್ಟಿದ್ದರೆ ಹೋಲಿಕೆ ಸುಲಭ. ಇಲ್ಲದಿದ್ದರೆ ಅದೇ ಮಾಡೆಲಿನ, ಅದೇ ಬಗೆಯ ಟೈರಿನ ಇನ್ನೊಂದು ಗಾಡಿಯನ್ನು ಅದೇ ರಸ್ತೆಯಲ್ಲಿ ಉರುಳಿಸಿ. ನಿಮ್ಮದು ಬೇಗ ನಿಧಾನವಾದರೆ ಏನೋ ಹಿಡಿದುಕೊಂಡಿದೆ ಎಂದೇ ಅರ್ಥ. ಸರಿಯಾಗಿ ಉರುಳಿದರೆ ಬ್ರೇಕ್, ಹಬ್, ಬೇರಿಂಗ್ ಇವುಗಳ ಮೇಲಿನ ಅನುಮಾನ ಬಹುಮಟ್ಟಿಗೆ ಹೋದ ಹಾಗೆ, ಚಾವಣಿಯ ಭಾಗಕ್ಕೋ ಎಂಜಿನ್ನಿಗೋ ನೇರ ಹೋಗಬಹುದು. ಚಾವಣಿ ಮೇಲಿನ ಸಾಮಾನಿನ ಪರಿಣಾಮ ಈ ವೇಗದಲ್ಲಿ ಪೂರ್ತಿ ಕಾಣುವುದಿಲ್ಲ ಎಂಬುದು ನೆನಪಿರಲಿ.

ಬ್ರೇಕ್ ಹಿಡಿದುಕೊಂಡಿದ್ದರೆ

ಸರಿಯಾಗಿ ಉರುಳದ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಬ್ರೇಕನ್ನು. ಹತ್ತು ಕಿಲೋಮೀಟರ್ ಓಡಿಸಿ, ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ ಆದಷ್ಟು ಬ್ರೇಕ್ ಒತ್ತದೆ ಬಂದು ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಚಕ್ರದ ನಡುಭಾಗ ಅಳೆಯಿರಿ. ಮುಂದಿನ ಚಕ್ರ ಹಿಂದಿನದಕ್ಕಿಂತ ಬಿಸಿ ಇರುವುದು ಸಹಜ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಸಹಜವಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯನ್ನು ರಿಮ್ಮಿನ ಹತ್ತಿರ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ.

ಬಿಸಿಯಾದ ಚಕ್ರವನ್ನು ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು ಬಿಚ್ಚಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸಾಮಾನ್ಯವಾಗಿ ಜಾರುವುದು ಎರಡು ಪಿನ್ನುಗಳ ಮೇಲೆ, ಒಂದೊಂದಕ್ಕೂ ಸುಕ್ಕುಸುಕ್ಕಾದ ರಬ್ಬರ್ ಕವಚ ಇರುತ್ತದೆ. ಕೆಸರುದಾರಿಯ ಗಾಡಿಗಳಲ್ಲಿ ಆ ಕವಚದ ಸುಕ್ಕನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಎಷ್ಟೋ ಸಲ ಕೂದಲೆಳೆಯ ಸೀಳು ಸಿಗುತ್ತದೆ. ಹೊಳೆ ದಾಟಿದಾಗ ಅಲ್ಲಿಂದ ನೀರೂ ಸಣ್ಣ ಮಣ್ಣೂ ಒಳಹೋಗಿ ಗ್ರೀಸನ್ನು ತೊಳೆಯುತ್ತದೆ, ಒಣಗಿದ ಮೇಲೆ ಪಿನ್ನಿನ ಸುತ್ತ ಕಂದು ಬಣ್ಣದ ಗಟ್ಟಿ ಪದರ ಉಳಿಯುತ್ತದೆ. ಚೆನ್ನಾಗಿರುವ ಪಿನ್ ಎರಡು ಬೆರಳಿಗೆ ಜಾರಬೇಕು. ಹೀಗೆ ಸಿಕ್ಕಿಕೊಂಡ ಪಿನ್ನನ್ನು ಹೊರಗೆ ತೆಗೆಯಲು ಇಕ್ಕಳ ಹಿಡಿದು ತಿರುಚಬೇಕಾಗುತ್ತದೆ. ಬ್ರೇಕ್ ಬಿಟ್ಟರೂ ಕ್ಯಾಲಿಪರ್ ಹಿಂದೆ ಸರಿಯುವುದಿಲ್ಲ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಒಳಗಿನ ಪ್ಯಾಡೂ ಹೊರಗಿನ ಪ್ಯಾಡೂ ಸಮನಾಗಿ ಸವೆದಿಲ್ಲದಿದ್ದರೆ ಅದೇ ಸಾಕ್ಷಿ.

ಪಿನ್ ಮತ್ತು ಅದರ ತೂತನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒರೆಸಿ, ಕವಚ ಹೊಸದು ಹಾಕಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಮಾಮೂಲಿ ಚಾಸಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಸಿಕ್ಕಿಕೊಳ್ಳುತ್ತದೆ.

ಪಿನ್ ಸಲೀಸಾಗಿದ್ದೂ ಚಕ್ರ ಬಿಗಿಯಾಗಿದ್ದರೆ, ಒಬ್ಬರು ಚಕ್ರ ತಿರುಗಿಸುತ್ತಿರುವಾಗ ಇನ್ನೊಬ್ಬರು ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲಿಸಲಿ. ಸ್ವಲ್ಪ ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಎಂದರ್ಥ. ಒಂದೇ ಚಕ್ರದಲ್ಲಾದರೆ ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡಿರಬಹುದು, ಎಲ್ಲ ಚಕ್ರದಲ್ಲೂ ಹೀಗಾದರೆ ಮಾಸ್ಟರ್ ಸಿಲಿಂಡರ್ ನೋಡಬೇಕು. ಸ್ಕ್ರೂ ಬಿಚ್ಚಿದರೂ ಬಿಡದಿದ್ದರೆ ಪಿಸ್ಟನ್ನೇ ತುಕ್ಕು ಹಿಡಿದಿದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಡ್ರಮ್ ಕಳಚಿ ಒಳಗಿನ ಮಣ್ಣು ತೆಗೆಯಿರಿ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಟ್ಟಾಗ ಪೂರ್ತಿ ಹಿಂದೆ ಬರುತ್ತದೆಯೇ ನೋಡಿ.

ಹಬ್ ಮತ್ತು ಟ್ರಾನ್ಸ್‌ಫರ್ ಕೇಸ್

ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್. ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಪಾರ್ಟ್‌ಟೈಮ್ ಫೋರ್‌ವೀಲ್ ಗಾಡಿಯಲ್ಲಿ, ಎರಡೂ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್-ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಾಗ) ಹಿಡಿತವಿರುವ ಟಾರು ರಸ್ತೆಯ ಮೇಲೆ ತಿರುವು ತೆಗೆದುಕೊಂಡರೆ ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ಬೇಕಾದ ವೇಗ ಬೇರೆ, ಆದರೆ ಎರಡೂ ಒಂದಕ್ಕೊಂದು ಬಿಗಿದಿವೆ. ಎಂಜಿನ್ನಿನ ಶಕ್ತಿ ಟೈರ್ ಉಜ್ಜುವುದಕ್ಕೇ ಹೋಗುತ್ತದೆ. ತಿರುವಿನಲ್ಲಿ ಸ್ಟಿಯರಿಂಗ್ ಭಾರವಾಗುವುದು, ಗಾಡಿ ಕುಪ್ಪಳಿಸಿದಂತಾಗುವುದು, ಲಿವರ್ ಟೂ-ಹೈಗೆ (ಎರಡೇ ಚಕ್ರಕ್ಕೆ ಶಕ್ತಿ) ಬರಲು ಹಟ ಮಾಡುವುದು ಇದರ ಲಕ್ಷಣಗಳು. ನೇರವಾಗಿ ಕೆಲವು ಮೀಟರ್ ರಿವರ್ಸ್ ತೆಗೆದರೆ ಸಾಮಾನ್ಯವಾಗಿ ಬಿಡುತ್ತದೆ. ಡ್ಯಾಶ್‌ಬೋರ್ಡಿನ ಫೋರ್‌ವೀಲ್ ದೀಪ ಆರಿದ್ದರೂ ಒಳಗೆ ಬಿಟ್ಟಿರುವುದಿಲ್ಲ ಎಂಬ ಪ್ರಕರಣಗಳೂ ಇವೆ, ಲಿಂಕೇಜಿನಲ್ಲಿ ಕೆಸರು ಗಟ್ಟಿಯಾಗಿರುತ್ತದೆ.

ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿನಿಂದ ಬಿಡಿಸುವ ಫ್ರೀವೀಲಿಂಗ್ ಹಬ್ ಇದ್ದರೆ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಟೂ-ಹೈನಲ್ಲಿ ಮುಂದಿನ ಒಂದು ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಹಬ್ ಬಿಟ್ಟಿದ್ದರೆ ಚಕ್ರ ತಿರುಗಿದರೂ ಅದರ ಹಿಂದಿನ ಆಕ್ಸಲ್ ಶಾಫ್ಟ್ ತಿರುಗಬಾರದು. ತಿರುಗಿದರೆ ಹಬ್ ಲಾಕ್ ಆಗಿಯೇ ಉಳಿದಿದೆ. ವ್ಯಾಕ್ಯೂಮ್ ಹಬ್ಬುಗಳಲ್ಲಿ ಸಣ್ಣ ಹೋಸ್ ಬಿರಿಯುವುದೇ ಹೆಚ್ಚು. ನ್ಯಾಯವಾಗಿ ಹೇಳಬೇಕೆಂದರೆ ಹಬ್ ಲಾಕ್ ಉಳಿದದ್ದರಿಂದ ಆಗುವ ನಷ್ಟ ಸಣ್ಣದು, ಫೋರ್-ಹೈನಲ್ಲೇ ಟಾರು ರಸ್ತೆ ಓಡಿಸಿದರೆ ದೊಡ್ಡದು.

ಟೈರ್

ಮರಳಿನಲ್ಲಿ ಓಡಲು ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ, ವಾಪಸು ಬರುವಾಗ ಒಂದಿಷ್ಟು ತುಂಬಿಸಿ ಮನೆ ಸೇರುವುದು ತೀರ ಸಾಮಾನ್ಯ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ನಾಲ್ಕೂ ಟೈರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಶೇ. 0.2 ಇಳಿಯುತ್ತದೆ. 36 ಇರಬೇಕಾದಲ್ಲಿ 26 ಇದ್ದರೆ ಶೇ. 2. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆಯಿರಿ. ಮಡ್ ಟೆರೇನ್ ಟೈರಿನ ದಪ್ಪ ಗುಬ್ಬಿಗಳು ಟಾರಿನ ಮೇಲೆ ಬಾಗುತ್ತ ಶಕ್ತಿ ತಿನ್ನುತ್ತವೆ, ಅದಕ್ಕೆ ರಿಪೇರಿ ಇಲ್ಲ. ತಿಂಗಳಿಗೊಮ್ಮೆ ಕೆಸರಿಗಿಳಿಯುವವರಿಗೆ ಆಲ್ ಟೆರೇನ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಂಡೆಗೆ ಚಕ್ರ ಬಡಿದ ಮೇಲೆ, ಲಿಫ್ಟ್ ಕಿಟ್ ಹಾಕಿದ ಮೇಲೆ ಅಲೈನ್‌ಮೆಂಟ್ ತಪ್ಪುತ್ತದೆ. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ಚುಚ್ಚಿದರೆ ಟೋ (ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ತಪ್ಪಿದೆ, ಟೈರ್ ಓರೆಯಾಗಿ ಎಳೆದುಕೊಂಡು ಹೋಗುತ್ತಿದೆ.

ಚಾವಣಿ ಮತ್ತು ಭಾರ

ತೂಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಗಾಳಿಯ ಬಗ್ಗೆ ಕಡಿಮೆ. ಅದೇ ಇಲಾಖೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 45 ಕೆ.ಜಿ. ಹೆಚ್ಚುವರಿ ಭಾರಕ್ಕೆ ಮೈಲೇಜ್ ಸುಮಾರು ಶೇ. 1 ಇಳಿಯುತ್ತದೆ. ಚಾವಣಿ ಮೇಲಿನ ದೊಡ್ಡ ಮೊಂಡು ಪೆಟ್ಟಿಗೆಯಿಂದ ಊರೊಳಗೆ ಶೇ. 2ರಿಂದ 8, ಹೆದ್ದಾರಿಯಲ್ಲಿ ಶೇ. 6ರಿಂದ 17, ಗಂಟೆಗೆ 105–120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25. ಖಾಲಿ ರ‍್ಯಾಕ್, ಲೈಟ್ ಬಾರ್, ಮಡಚಿಟ್ಟ ಟೆಂಟ್, ಅಡ್ಡಲಾಗಿ ಕಟ್ಟಿದ ಜೆರಿಕ್ಯಾನ್ ಎಲ್ಲವೂ ಗಾಳಿಗೆ ಎದೆಯೊಡ್ಡುತ್ತವೆ. ಎರಡು ಟ್ಯಾಂಕ್ ಅವನ್ನು ಬಿಚ್ಚಿಟ್ಟು ಓಡಿಸಿ, ವೇಗವನ್ನೂ 100ರಿಂದ 80ಕ್ಕೆ ಇಳಿಸಿ ನೋಡಿ. 80ಕ್ಕೆ ಹೋಲಿಸಿದರೆ 100ರಲ್ಲಿ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಇಷ್ಟರಲ್ಲೇ ಹಳೆಯ ಮೈಲೇಜ್ ಮರಳಿದರೆ ಗಾಡಿಯಲ್ಲಿ ದೋಷವೇ ಇರಲಿಲ್ಲ.

ಗಾಡಿಯ ಅಡಿಯ ಗಾರ್ಡ್ ಪ್ಲೇಟಿನೊಳಗೆ, ರಿಮ್ಮಿನ ಒಳಭಾಗದಲ್ಲಿ ಒಣಗಿ ಕೂತ ಮಣ್ಣನ್ನೂ ತೊಳೆಸಿ.

ಈಗ ಎಂಜಿನ್

ಎಂಜಿನ್ನಿನ ಕಂಪ್ಯೂಟರಿನಿಂದ ಅಂಕಿ ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಒಂದಿದ್ದರೆ ಸಾಕು. ಮೊದಲು ಕೂಲೆಂಟ್ ತಾಪ ನೋಡಿ. ಬಹಳಷ್ಟು ಎಂಜಿನ್ನುಗಳು 85–95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಹೆದ್ದಾರಿಯಲ್ಲಿ ಹೋಗುತ್ತಿರುವಾಗ ತಾಪ 75ಕ್ಕಿಂತ ಕೆಳಗೆ ಜಾರಿ, ನಿಂತಾಗ ಏರಿದರೆ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚು ಇಂಧನ ಸುರಿಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಇದನ್ನು ಹೇಳದಿರಬಹುದು, ಹಲವು ಗಾಡಿಗಳಲ್ಲಿ ಅದು ವಿಶಾಲ ವ್ಯಾಪ್ತಿಯಲ್ಲಿ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ.

ಪೆಟ್ರೋಲ್ ಎಂಜಿನ್ನಿನಲ್ಲಿ ನಂತರ ನೋಡಬೇಕಾದ್ದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದೆ ಎಂಬ ಅಂಕಿ. ಸೊನ್ನೆಯ ಆಚೀಚೆ ಶೇ. 5ರೊಳಗಿದ್ದರೆ ನೆಮ್ಮದಿ. ಶೇ. 10 ದಾಟಿ ಮೇಲಿದ್ದರೆ ಇಸಿಯು ಇಂಧನ ಸೇರಿಸುತ್ತಿದೆ. ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರಬಹುದು, ಇಂಟೇಕಿನಲ್ಲಿ ಗಾಳಿ ಸೋರುತ್ತಿರಬಹುದು. ಎಣ್ಣೆ ಹಚ್ಚುವ ಬಗೆಯ ಫಿಲ್ಟರ್ ಹಾಕಿದವರು ಆ ಸೆನ್ಸರನ್ನು ಮೊದಲು ನೋಡಿ, ಅದಕ್ಕೆಂದೇ ಇರುವ ಕ್ಲೀನರ್ ಮಾತ್ರ ಬಳಸಿ. ಆಫ್‌ರೋಡ್ ಗಾಡಿಯಲ್ಲಿ ಇನ್ನೊಂದು ವಿಶೇಷ ಕಾರಣವಿದೆ: ಕಲ್ಲಿಗೆ ಬಡಿದು ಸೈಲೆನ್ಸರ್ ಪೈಪಿನ ಜಾಯಿಂಟ್ ಆಕ್ಸಿಜನ್ ಸೆನ್ಸರಿಗಿಂತ ಮೊದಲೇ ಸಡಿಲವಾಗುವುದು. ಅಲ್ಲಿಂದ ಹೊರಗಿನ ಗಾಳಿ ಒಳಸೇರಿದರೆ ಸೆನ್ಸರ್ ಇಂಧನ ಸಾಲದು ಎಂದು ಸುಳ್ಳು ವರದಿ ಕೊಡುತ್ತದೆ, ಇಸಿಯು ನಂಬಿ ಸುರಿಯುತ್ತದೆ. ಜಾಯಿಂಟಿನ ಸುತ್ತ ಕರಿ ಮಸಿ, ತಣ್ಣಗಿರುವಾಗ ಟಿಕ್‌ಟಿಕ್ ಸದ್ದು ಇದರ ಗುರುತು. ಟ್ರಿಮ್ ಮೈನಸ್ ಶೇ. 10ಕ್ಕಿಂತಲೂ ಕೆಳಗೆ ಹೋದರೆ ಸೋರುವ ಇಂಜೆಕ್ಟರ್, ಹೆಚ್ಚಿದ ಇಂಧನ ಒತ್ತಡ, ಮುಚ್ಚದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವುದು) ಕಡೆ ಹುಡುಕಿ.

ಏರ್ ಫಿಲ್ಟರಿನ ಮೇಲೆ ಜನರಿಗಿರುವ ನಂಬಿಕೆ ದೊಡ್ಡದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಕಟ್ಟಿದ ಫಿಲ್ಟರಿನಿಂದ ಪಿಕಪ್ ಇಳಿಯಿತು, ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಆಯಿತು. ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ಲಿನಲ್ಲೂ ಫಿಲ್ಟರ್ ಕಟ್ಟಿದರೆ ಕರಿ ಹೊಗೆಯಾಗಿ ಇಂಧನ ಪೋಲಾಗುತ್ತದೆ. ದೂಳಿನಲ್ಲಿ ಓಡುವವರು ಫಿಲ್ಟರ್ ಬದಲಾಯಿಸಲೇಬೇಕು, ಎಂಜಿನ್ನಿನ ಆಯುಸ್ಸಿಗಾಗಿ.

ಟರ್ಬೊ ಡೀಸೆಲ್ ಆಗಿದ್ದರೆ ಆಕ್ಸಲರೇಟರ್ ಒತ್ತಿದಾಗ ಕರಿ ಹೊಗೆ, ಪಿಕಪ್ ಮಂದ, ಜೊತೆಗೆ ಸುಯ್ ಎಂಬ ಸದ್ದು ಬಂದರೆ ಇಂಟರ್‌ಕೂಲರ್ ಹೋಸುಗಳನ್ನು ಕೈಯಿಂದ ಸವರಿ. ಸೀಳಿದ ಜಾಗದಲ್ಲಿ ಎಣ್ಣೆಯ ಪಸೆ ಇರುತ್ತದೆ. ಅದು ಸರಿಯಿದ್ದರೆ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ಆಮೇಲೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿ ಲೋ ರೇಂಜಿನಲ್ಲಿ ತೆವಳುತ್ತಿದ್ದರೆ ಹೊಗೆ ಸಾಕಷ್ಟು ಬಿಸಿಯಾಗುವುದಿಲ್ಲ, ಮಸಿ ತುಂಬುತ್ತದೆ. ಅದನ್ನು ಸುಡಲು ಇಸಿಯು ಮತ್ತೆ ಮತ್ತೆ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಂಜಿನ್ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಆಯಿಲ್ ತಕ್ಷಣ ಬದಲಾಯಿಸಿ, ತೆಳುವಾದ ಆಯಿಲ್ ಬೇರಿಂಗನ್ನು ತಿಂದುಹಾಕುತ್ತದೆ.

ಎಂಜಿನ್ನಿಗೂ ಚಕ್ರಕ್ಕೂ ನಡುವೆ

ಆಟೋಮ್ಯಾಟಿಕ್ ಗಾಡಿಯಲ್ಲಿ ಟಾರ್ಕ್ ಕನ್ವರ್ಟರಿನ ಲಾಕಪ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದಂತೆ ನೇರವಾಗಿ ಬಿಗಿಯುವ ಕ್ಲಚ್) ಕೆಲಸ ಮಾಡದಿದ್ದರೆ ಹೆದ್ದಾರಿ ಮೈಲೇಜ್ ಕುಸಿಯುತ್ತದೆ. ಹಿಂದೆ ಯಾರೂ ಇಲ್ಲದ ಸಮತಟ್ಟು ರಸ್ತೆಯಲ್ಲಿ ಸಮವೇಗದಲ್ಲಿ ಹೋಗುತ್ತ, ಆಕ್ಸಲರೇಟರ್ ಹಾಗೇ ಹಿಡಿದು, ಎಡಗಾಲಿನ ತುದಿಯಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ತಾಗಿಸಿ. ಬಹಳಷ್ಟು ಗಾಡಿಗಳಲ್ಲಿ ಆ ಕ್ಷಣ ಲಾಕಪ್ ಬಿಟ್ಟು ಆರ್‌ಪಿಎಂ ಸ್ವಲ್ಪ ಜಿಗಿಯುತ್ತದೆ, ಕಾಲು ತೆಗೆದರೆ ಮತ್ತೆ ಕೂರುತ್ತದೆ. ಏನೂ ಬದಲಾಗದಿದ್ದರೆ ಲಾಕಪ್ ಮೊದಲೇ ಹಿಡಿದಿರದ ಸಾಧ್ಯತೆ ಹೆಚ್ಚು. ಮ್ಯಾನ್ಯುಯಲ್ಲಿನಲ್ಲಿ ಟಾಪ್ ಗೇರಿನಲ್ಲಿ ಏರು ಹತ್ತುವಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಎಂಜಿನ್ನಿನ ಮುಂದಿರುವ ವಿಸ್ಕಸ್ ಫ್ಯಾನ್ ಸದಾ ಭರ್ರೆಂದು ಸದ್ದು ಮಾಡುತ್ತಿದ್ದರೆ ಅದರ ಕ್ಲಚ್ ಜಾಮ್ ಆಗಿದೆ. ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಆ ಸದ್ದು ಸಹಜ, ಆಮೇಲೆ ಇಳಿಯಬೇಕು.

ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆಗಳ ಸುದ್ದಿಗೆ ಹೋಗಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಮೈಲೇಜನ್ನು ಗಣನೀಯವಾಗಿ ಏರಿಸಿದ್ದು ಒಂದೂ ಇಲ್ಲ.

ಎಲ್ಲವೂ ಸರಿಯಿದ್ದೂ ದೊಡ್ಡ ಟೈರ್ ಹಾಕಿದ ಗಾಡಿ ಏರಿನಲ್ಲಿ ಉಸಿರು ಕಟ್ಟಿದಂತೆ ಎಳೆಯುತ್ತಿದ್ದರೆ, ಮತ್ತೆ ಮತ್ತೆ ಕೆಳಗಿನ ಗೇರಿಗೆ ಬರುತ್ತಿದ್ದರೆ ಉಳಿದಿರುವುದು ಡಿಫರೆನ್ಷಿಯಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ಸುತ್ತಬೇಕು ಎಂಬುದು. ಶೇ. 7.3 ದೊಡ್ಡ ಟೈರ್ ಎಂದರೆ 3.90ರ ಗಾಡಿಗೆ 4.18 ಬೇಕು, ಸಾಮಾನ್ಯವಾಗಿ ಸಿಗುವ ಹತ್ತಿರದ ಸೆಟ್ 4.10. ಮುಂದಿನ ಡಿಫರೆನ್ಷಿಯಲನ್ನೂ ಹಿಂದಿನದನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದನ್ನು ಮಾತ್ರ ಬದಲಾಯಿಸಿ ಫೋರ್‌ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಉಳಿಯುವುದಿಲ್ಲ. ಹೊಸ ಗೇರುಗಳು ಕೂರಲು ಮೊದಲ 800 ಕಿ.ಮೀ. ಭಾರ ಎಳೆಸದೆ ಓಡಿಸಿ, ಆ ಆಯಿಲನ್ನು ಇಳಿಸಿ ಹೊಸದು ತುಂಬಿಸಿ. ಇಳಿಸಿದ ಆಯಿಲಿನಲ್ಲಿ ನುಣ್ಣನೆಯ ಬೂದು ಪುಡಿ ಇದ್ದರೆ ಚಿಂತೆಯಿಲ್ಲ, ಬೆರಳಿಗೆ ಚೂರು ಸಿಕ್ಕಿದರೆ ಸೆಟ್ಟಿಂಗ್ ತಪ್ಪಿದೆ, ಗಾಡಿಯನ್ನು ಅದೇ ದಿನ ಹಾಕಿದವರಲ್ಲಿಗೆ ಒಯ್ಯಿರಿ.